ಯಾರ ಮುಷ್ಟಿಯಲ್ಲಿ ಸಿಡಿಲು?

ಏಟಿನ ಬಿಸಿ ಏಟು ತಿಂದವನಿಗೇ ಗೊತ್ತು. ಹೆವಿವೇಟ್ ಬಾಕ್ಸರ್‌ಗಳ ಪೈಕಿ ಎಲ್ಲರಿಗಿಂತ ಬಲವಾಗಿ ಹೊಡೆದವರು ಯಾರು ಎಂಬ ಹಳೆಯ ವಾದ ಇಂದಿಗೂ ಇತ್ಯರ್ಥವಾಗಿಲ್ಲ. ಓಟಕ್ಕೆ ಗಡಿಯಾರವಿದೆ, ನೆಗೆತಕ್ಕೆ ಟೇಪು ಇದೆ. ಗುದ್ದಿನ ಬಲಕ್ಕೆ ಎದುರಾಳಿ ನೆಲಕ್ಕುರುಳುವುದೇ ಅಳತೆ.

ಹಳಬರು ಮೊದಲು ಹೇಳುವ ಹೆಸರು ಜ್ಯಾಕ್ ಡೆಂಪ್ಸಿಯದು. 1919ರ ಜುಲೈ 4ರಂದು ಅಮೆರಿಕದ ಟೊಲೆಡೊದಲ್ಲಿ ಆತ, ತನಗಿಂತ ಸುಮಾರು 25 ಕಿಲೋ ಹೆಚ್ಚು ತೂಗುತ್ತಿದ್ದ ಚಾಂಪಿಯನ್ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದ. ಜೋ ಲೂಯಿಯ ಶೈಲಿ ಬೇರೆ. ಅವನ ಗುದ್ದು ದೂರದಿಂದ ಬೀಸಿ ಬರುತ್ತಿರಲಿಲ್ಲ, ಗೇಣು ದೂರದಿಂದ ಚಿಮ್ಮುತ್ತಿತ್ತು. 1938ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಮುಗಿಸಲು ಅವನಿಗೆ ಎರಡು ನಿಮಿಷ, ನಾಲ್ಕು ಸೆಕೆಂಡು ಸಾಕಾಯಿತು. 2003ರಲ್ಲಿ ‘ದ ರಿಂಗ್’ ಪತ್ರಿಕೆ ಸಾರ್ವಕಾಲಿಕ ನೂರು ಹೊಡೆತಗಾರರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಲೂಯಿಗೇ ಸಿಕ್ಕಿತು.

ಆದರೆ ಅಂಕಿಗಳನ್ನಷ್ಟೇ ನಂಬುವಂತಿಲ್ಲ. ರಾಕಿ ಮಾರ್ಸಿಯಾನೊ ಸೋಲನ್ನೇ ಕಾಣದೆ ಗೆದ್ದ 49 ಪಂದ್ಯಗಳಲ್ಲಿ 43 ನಾಕೌಟ್. ಮೈಕ್ ಟೈಸನ್‌ನ 50 ಗೆಲುವುಗಳಲ್ಲಿ 44. ಎದುರಾಳಿ ಎಂಥವನು, ಎಷ್ಟು ತೂಗುತ್ತಿದ್ದ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಗುದ್ದನ್ನು ಅಳೆಯುವ ಪ್ರಯತ್ನವೂ ನಡೆದಿದೆ. 1985ರಲ್ಲಿ ಬ್ರಿಟಿಷ್ ಸಂಶೋಧಕರು ಫ್ರ್ಯಾಂಕ್ ಬ್ರೂನೊನ ಹೊಡೆತವನ್ನು ಪರೀಕ್ಷಿಸಿದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ತಾಗಿದ ಬಲ ಸುಮಾರು 400 ಕಿಲೋ ಭಾರಕ್ಕೆ ಸಮ. ಬಲ ತೋಳಿನಲ್ಲಷ್ಟೇ ಇಲ್ಲ. ಅದು ಪಾದದಿಂದ ಹೊರಟು ಸೊಂಟ, ಭುಜಗಳ ಮೂಲಕ ಮುಷ್ಟಿಗೆ ಬರುತ್ತದೆ. ದವಡೆಗೆ ಬಿದ್ದಾಗ ತಲೆ ಗಿರ್ರನೆ ತಿರುಗಿ ಮಿದುಳು ಅಲುಗುತ್ತದೆ. ನಾಕೌಟ್ ಎಂದರೆ ಅದೇ.

ಒಬ್ಬನನ್ನೇ ಆರಿಸಬೇಕೆಂದರೆ ಜಾರ್ಜ್ ಫೋರ್‌ಮನ್ ಪರ ವಾದ ಬಲವಾಗಿದೆ. 1973ರಲ್ಲಿ ಆತ ಜೋ ಫ್ರೇಜಿಯರ್‌ನನ್ನು ಎರಡು ಸುತ್ತುಗಳೊಳಗೆ ಆರು ಬಾರಿ ಉರುಳಿಸಿದ. 1994ರಲ್ಲಿ, 45ರ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ಮಲಗಿಸಿ ಮತ್ತೆ ಚಾಂಪಿಯನ್ ಆದ. ಕಾಲಿನ ಚುರುಕು ಹೋಗಿತ್ತು, ಕೈಯ ಬಲ ಹೋಗಿರಲಿಲ್ಲ.

ಆದರೂ ಏಟು ತಿಂದ ಹಲವರು ಹೇಳುವ ಹೆಸರು ಚಾಂಪಿಯನ್ ಪಟ್ಟಿಯಲ್ಲೇ ಇಲ್ಲ. ಅರ್ನಿ ಶೇವರ್ಸ್ 1979ರಲ್ಲಿ ಲ್ಯಾರಿ ಹೋಮ್ಸ್‌ನನ್ನು ಕೆಡವಿದ. ಹೋಮ್ಸ್ ಎದ್ದು ಬಂದು ಗೆದ್ದ. ಅದಕ್ಕೆ ಮೊದಲು, 1977ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಮುಹಮ್ಮದ್ ಅಲಿ 15 ಸುತ್ತು ಶೇವರ್ಸ್‌ನ ಏಟು ಸಹಿಸಿ ಅಂಕಗಳ ಮೇಲೆ ಗೆದ್ದ. ಆ ಏಟಿಗೆ ಆಫ್ರಿಕದಲ್ಲಿರುವ ತನ್ನ ಬಂಧುಗಳೂ ನಡುಗಿದರೆಂದು ಅಲಿ ತಮಾಷೆ ಮಾಡಿದ.

ಅಲಿಯ ವೈದ್ಯ ಫರ್ಡಿ ಪಚೆಕೊಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ನಿವೃತ್ತನಾಗುವಂತೆ ಒತ್ತಾಯಿಸಿದ ಆತ, ಮಾತು ನಡೆಯದಿದ್ದಾಗ ಅಲಿಯ ಬಳಗವನ್ನೇ ತೊರೆದ. ಅಲಿ ಇನ್ನೂ ನಾಲ್ಕು ಬಾರಿ ರಿಂಗಿಗಿಳಿದ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು, 2016ರಲ್ಲಿ ತೀರಿಕೊಂಡ. ಆ ಕಾಯಿಲೆಗೆ ಏಟುಗಳೇ ಕಾರಣವೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಆದರೆ ಪದೇ ಪದೇ ತಲೆಗೆ ಬೀಳುವ ಏಟು ಮಿದುಳನ್ನು ಕೆಡಿಸುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಷ್ಟು ಹಿಂದೆಯೇ ಬರೆದಿದ್ದ.

ಹೊಡೆದವರ ಪಟ್ಟಿ ಎಷ್ಟು ಉದ್ದವಿದೆಯೋ, ಏಟು ತಿಂದವರ ಪಟ್ಟಿ ಅದಕ್ಕಿಂತ ಉದ್ದವಿದೆ. ವಾದಕ್ಕೆ ಕೂರುವವರು ಎರಡನ್ನೂ ಓದಬೇಕು.