ಹಳೆಯ ಕಾರು ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಟೈಮಿಂಗ್ ಪರೀಕ್ಷೆ

ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಟೈಮಿಂಗ್ ಪರೀಕ್ಷೆ ಎಂಬುದು ಪೆಟ್ರೋಲ್ ಎಂಜಿನ್‌ನ ಪ್ರತಿಯೊಂದು ಸಿಲಿಂಡರ್‌ನಲ್ಲಿ ಸಾಕಷ್ಟು ಬಲವಾದ ಕಿಡಿಯು ತಕ್ಕ ಕ್ಷಣದಲ್ಲಿ ಹೊಮ್ಮುತ್ತಿದೆಯೇ ಎಂದು ತಿಳಿಯುವ ವಿಧಾನವಾಗಿದೆ. ಪೂರ್ತಿಯಾಗಿ ಬಿಚ್ಚಿ ಮರುಜೋಡಿಸಿದ ಹಳೆಯ ಎಂಜಿನ್‌ನಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಇಂತಹ ಎಂಜಿನ್‌ನಲ್ಲಿ ಮೊದಲಿದ್ದ ಗುರುತುಗಳೂ ಹೊಂದಾಣಿಕೆಗಳೂ ಬದಲಾಗಿರುವ ಸಾಧ್ಯತೆಯಿದ್ದು, ತಪ್ಪು ಟೈಮಿಂಗ್‌ನಿಂದ ಹೊಸ ಪಿಸ್ಟನ್ ಮತ್ತು ವಾಲ್ವ್‌ಗಳು ಹಾಳಾಗಬಹುದು.

ಹಿನ್ನೆಲೆ

ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್‌ಗಳನ್ನು ಬಳಸುವ ಇಗ್ನಿಷನ್ ವ್ಯವಸ್ಥೆಯನ್ನು 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. ಭಾರತದಲ್ಲಿ ದಶಕಗಳ ಕಾಲ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಮಹೀಂದ್ರಾ ಜೀಪ್‌ಗಳ ಪೆಟ್ರೋಲ್ ಎಂಜಿನ್‌ಗಳು ಇದೇ ವ್ಯವಸ್ಥೆಯನ್ನು ಹೊಂದಿದ್ದವು. ಅಂಬಾಸಿಡರ್‌ನಲ್ಲಿ ಬ್ರಿಟನ್ನಿನ ಬಿಎಂಸಿ ಮೂಲದ 1489 ಸಿಸಿ ಎಂಜಿನ್ ಬಹುಕಾಲ ಬಳಕೆಯಲ್ಲಿತ್ತು. ಪದ್ಮಿನಿಯಲ್ಲಿ ಫಿಯೆಟ್ ಮೂಲದ 1089 ಸಿಸಿ ಎಂಜಿನ್ ಇತ್ತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಪ್ಲಗ್‌ಗಳು 'ಮೈಕೊ' ಎಂಬ ಹೆಸರಿನಿಂದ ದೇಶದಾದ್ಯಂತ ಪರಿಚಿತವಾಗಿದ್ದವು. ಈ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಕಾರ್ಯವಿಧಾನ

ಡಿಸ್ಟ್ರಿಬ್ಯೂಟರ್‌ನ ಒಳಗಿನ ಪಾಯಿಂಟ್‌ಗಳು ಮುಚ್ಚಿರುವಾಗ ಕಾಯಿಲ್‌ನ ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಪಾಯಿಂಟ್‌ಗಳು ತೆರೆದೊಡನೆ ಕಾಂತಕ್ಷೇತ್ರವು ಕುಸಿದು, ದ್ವಿತೀಯ ಸುರುಳಿಯಲ್ಲಿ ಸಾವಿರಾರು ವೋಲ್ಟ್‌ಗಳ ಒತ್ತಡ ಉಂಟಾಗುತ್ತದೆ. ರೋಟರ್ ಈ ವಿದ್ಯುತ್ತನ್ನು ಸರದಿಯ ಪ್ರಕಾರ ಆಯಾ ಪ್ಲಗ್‌ಗೆ ತಲುಪಿಸುತ್ತದೆ. ಮೇಲೆ ಹೇಳಿದ ಮೂರೂ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಕಿಡಿಯ ಸರದಿ 1-3-4-2.

ಇಂಧನ ಮಿಶ್ರಣವು ಪೂರ್ತಿ ಉರಿಯಲು ಸ್ವಲ್ಪ ಸಮಯ ಬೇಕಾಗುತ್ತದೆ. ಆದ್ದರಿಂದ ಪಿಸ್ಟನ್ ತನ್ನ ಮೇಲ್ತುದಿಯನ್ನು (ಟಾಪ್ ಡೆಡ್ ಸೆಂಟರ್) ಮುಟ್ಟುವ ಮೊದಲೇ ಕಿಡಿ ಹೊಮ್ಮಬೇಕು. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಕ್ರ್ಯಾಂಕ್ ಶಾಫ್ಟ್ ಒಂದು ಮಿಲಿಸೆಕೆಂಡ್‌ನಲ್ಲಿ 18 ಡಿಗ್ರಿ ತಿರುಗುತ್ತದೆ. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಗಡವಾಗಿಸಲು ಡಿಸ್ಟ್ರಿಬ್ಯೂಟರ್‌ನಲ್ಲಿ ತಿರುಗುವ ತೂಕಗಳಿರುತ್ತವೆ. ಎಂಜಿನ್ ಮೇಲಿನ ಹೊರೆಗೆ ತಕ್ಕಂತೆ ಮುಂಗಡವನ್ನು ಬದಲಿಸಲು ಹಲವು ಎಂಜಿನ್‌ಗಳಲ್ಲಿ ನಿರ್ವಾತ ಘಟಕವೂ ಇರುತ್ತದೆ.

ಕಿಡಿ ಅತಿಯಾಗಿ ಮುಂಗಡವಾದರೆ ನಾಕಿಂಗ್ ಉಂಟಾಗಿ ಪಿಸ್ಟನ್‌ಗೆ ಹಾನಿಯಾಗುತ್ತದೆ. ತಡವಾದರೆ ಶಕ್ತಿ ಕುಗ್ಗಿ, ಹೆಚ್ಚಿನ ಶಾಖವು ರೇಡಿಯೇಟರ್ ನೀರಿಗೂ ಎಗ್ಸಾಸ್ಟ್ ವಾಲ್ವ್‌ಗಳಿಗೂ ಸೇರುತ್ತದೆ.

ಪರೀಕ್ಷೆಯ ಕ್ರಮ

ಒಂದು ಹೊಂದಾಣಿಕೆಯು ಮತ್ತೊಂದನ್ನು ಬದಲಿಸುವುದರಿಂದ ಕೆಲಸದ ಕ್ರಮ ಮುಖ್ಯವಾಗಿದೆ. ವಾಲ್ವ್ ಅಂತರ, ಪ್ಲಗ್, ಪಾಯಿಂಟ್ ಅಂತರ, ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ಎಂಬ ಕ್ರಮವನ್ನು ಸಾಮಾನ್ಯವಾಗಿ ಅನುಸರಿಸಲಾಗುತ್ತದೆ. ಪಾಯಿಂಟ್ ಅಂತರ ಹೆಚ್ಚಾದರೆ ಟೈಮಿಂಗ್ ಮುಂಗಡವಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಆದ್ದರಿಂದ ಟೈಮಿಂಗ್ ಹೊಂದಿಸಿದ ಮೇಲೆ ಪಾಯಿಂಟ್ ಸರಿಪಡಿಸಿದರೆ ಟೈಮಿಂಗನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಸ್ಪಾರ್ಕ್ ಪ್ಲಗ್

ಎಂಜಿನ್ ತಣ್ಣಗಾದ ಮೇಲೆ ಪ್ಲಗ್‌ನ ಸುತ್ತಲಿನ ಧೂಳನ್ನು ತೆಗೆದು ಪ್ಲಗ್‌ಗಳನ್ನು ಬಿಚ್ಚಲಾಗುತ್ತದೆ. ಅವುಗಳನ್ನು ಸಿಲಿಂಡರ್‌ಗಳ ಕ್ರಮದಲ್ಲಿಯೇ ಜೋಡಿಸಿ ಇಡಬೇಕು. ಪ್ಲಗ್‌ನ ತುದಿಯ ಬಣ್ಣವು ಒಳಗಿನ ದಹನದ ಸ್ಥಿತಿಯನ್ನು ಸೂಚಿಸುತ್ತದೆ:

- ತಿಳಿ ಕಂದು ಅಥವಾ ಬೂದುಗಂದು: ದಹನ ಸಮರ್ಪಕವಾಗಿದೆ.
- ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚಿದೆ, ಕಿಡಿ ದುರ್ಬಲವಾಗಿದೆ ಅಥವಾ ಎಂಜಿನ್ ಬಹಳ ಹೊತ್ತು ಐಡ್ಲಿಂಗ್‌ನಲ್ಲಿತ್ತು.
- ಎಣ್ಣೆಯ ಪಸೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಮೂಲಕ ಎಣ್ಣೆ ಬರುತ್ತಿದೆ. ಹೊಸ ರಿಂಗ್‌ಗಳು ಕೂಡಿಕೊಳ್ಳುವವರೆಗೆ ಸ್ವಲ್ಪ ಎಣ್ಣೆ ಕಾಣುವುದು ಸಹಜ.
- ಬಿಳುಪು ಅಥವಾ ಗುಳ್ಳೆಗಳು: ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದೆ, ಕಿಡಿ ಅತಿ ಮುಂಗಡವಾಗಿದೆ ಅಥವಾ ಪ್ಲಗ್‌ನ ಶಾಖಶ್ರೇಣಿ ಹೊಂದುತ್ತಿಲ್ಲ.

ಐಡ್ಲಿಂಗ್‌ನಲ್ಲಿ ಮಾತ್ರ ಓಡಿದ ಎಂಜಿನ್‌ನ ಪ್ಲಗ್ ನೋಡಿ ನಿರ್ಣಯಿಸುವುದು ಸರಿಯಲ್ಲ. ರಸ್ತೆಯಲ್ಲಿ ಸಾಮಾನ್ಯ ಹೊರೆಯೊಡನೆ ಓಡಿಸಿದ ನಂತರ ನೋಡಬೇಕು. ಬಿಎಂಸಿ ಎಂಜಿನ್‌ಗೆ ಪ್ಲಗ್ ಅಂತರ ಸುಮಾರು 0.64 ಮಿ.ಮೀ., ಪಾಯಿಂಟ್ ಅಂತರ 0.35–0.40 ಮಿ.ಮೀ. ಆಗಿದ್ದು, ಫೀಲರ್ ಗೇಜ್‌ನಿಂದ ಅಳೆಯಲಾಗುತ್ತದೆ. ಪ್ಲಗ್‌ನ ಮರೆಯ ಉದ್ದ ಹೆಚ್ಚಾದರೆ ಅದು ಪಿಸ್ಟನ್ ಅಥವಾ ವಾಲ್ವ್‌ಗೆ ತಗುಲುವ ಅಪಾಯವಿದೆ. ಪದ್ಮಿನಿಯ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್‌ನದಾದ್ದರಿಂದ, ಮರೆ ಕೆಡದಂತೆ ಪ್ಲಗ್ ಅನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು.

ಮೇಲ್ತುದಿಯ ನಿರ್ಧಾರ

ಮರುಜೋಡಿಸಿದ ಎಂಜಿನ್‌ನಲ್ಲಿ ಪುಲ್ಲಿ ಅಥವಾ ಟೈಮಿಂಗ್ ಕವರ್ ಬೇರೆ ಎಂಜಿನ್‌ನಿಂದ ಬಂದಿರಬಹುದು. ಆಗ ಪುಲ್ಲಿಯ ಮೇಲಿನ ಗುರುತನ್ನು ನಂಬುವಂತಿಲ್ಲ. ಎಲ್ಲ ಪ್ಲಗ್‌ಗಳನ್ನು ಬಿಚ್ಚಿ, ಒಂದನೆಯ ಸಿಲಿಂಡರ್‌ನ ಪ್ಲಗ್ ರಂಧ್ರಕ್ಕೆ ಪಿಸ್ಟನ್ನನ್ನು ತಡೆಯುವ ಸಾಧನವನ್ನು ಹಾಕಿ, ಎಂಜಿನ್ ಅನ್ನು ಕೈಯಿಂದ ನಿಧಾನವಾಗಿ ಎರಡೂ ದಿಕ್ಕಿಗೆ ತಿರುಗಿಸಲಾಗುತ್ತದೆ. ಪಿಸ್ಟನ್ ತಡೆದು ನಿಂತ ಎರಡು ಸ್ಥಾನಗಳನ್ನು ಪುಲ್ಲಿಯ ಮೇಲೆ ಗುರುತಿಸಿದರೆ, ಅವುಗಳ ನಟ್ಟನಡುವಿನ ಬಿಂದುವೇ ನಿಜವಾದ ಮೇಲ್ತುದಿ. ಈ ಪರೀಕ್ಷೆಯಲ್ಲಿ ಸ್ಟಾರ್ಟರ್ ಬಳಸಬಾರದು.

ಪಿಸ್ಟನ್ ಪ್ರತಿ ಆವರ್ತದಲ್ಲಿ ಎರಡು ಬಾರಿ ಮೇಲ್ತುದಿಗೆ ಬರುತ್ತದೆ. ಆದುದರಿಂದ ಅದು ಸಂಪೀಡನದ ಹೊಡೆತವೇ ಎಂಬುದನ್ನೂ ತಿಳಿಯಬೇಕು. ತಡೆಯನ್ನು ತೆಗೆದು ಪ್ಲಗ್ ರಂಧ್ರದ ಮೇಲೆ ಬೆರಳಿಟ್ಟು ಎಂಜಿನ್ ತಿರುಗಿಸಿದಾಗ ಗಾಳಿ ಬೆರಳನ್ನು ನೂಕಿದರೆ ಅದು ಸಂಪೀಡನದ ಹೊಡೆತ. ಇದನ್ನು ಗಮನಿಸದೆ ಡಿಸ್ಟ್ರಿಬ್ಯೂಟರ್ ಅನ್ನು ಅರ್ಧ ಸುತ್ತು ತಪ್ಪಾಗಿ ಕೂರಿಸಿದರೆ ಎಂಜಿನ್ ಚಾಲೂ ಆಗುವುದಿಲ್ಲ ಅಥವಾ ಕಾರ್ಬ್ಯುರೇಟರ್ ಮೂಲಕ ಸಿಡಿಯುತ್ತದೆ.

ಟೈಮಿಂಗ್ ಹೊಂದಿಸುವಿಕೆ

ನಿಂತ ಎಂಜಿನ್‌ನಲ್ಲಿ ಟೈಮಿಂಗ್ ನೋಡಲು 12 ವೋಲ್ಟ್‌ನ ಸಣ್ಣ ದೀಪ ಸಾಕು. ದೀಪದ ಒಂದು ತಂತಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತುದಿಗೂ ಇನ್ನೊಂದನ್ನು ಎಂಜಿನ್‌ನ ಲೋಹಕ್ಕೂ ಜೋಡಿಸಲಾಗುತ್ತದೆ. ಇಗ್ನಿಷನ್ ಚಾಲೂ ಇರುವಾಗ ಪಾಯಿಂಟ್ ತೆರೆದ ಕ್ಷಣವೇ ದೀಪ ಹೊತ್ತುತ್ತದೆ. ಕೈಪಿಡಿಯಲ್ಲಿ ಹೇಳಿದ ಡಿಗ್ರಿಯ ಗುರುತಿನಲ್ಲಿ ದೀಪ ಹೊತ್ತುವಂತೆ ಡಿಸ್ಟ್ರಿಬ್ಯೂಟರ್ ಅನ್ನು ತಿರುಗಿಸಿ ಬಿಗಿಗೊಳಿಸಲಾಗುತ್ತದೆ. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಕಿಡಿ ಮುಂಗಡವಾಗುತ್ತದೆ.

ಓಡುವ ಎಂಜಿನ್‌ನಲ್ಲಿ ಟೈಮಿಂಗ್ ಲೈಟ್‌ನಿಂದ ಮರುಪರೀಕ್ಷೆ ನಡೆಯುತ್ತದೆ. ಇದಕ್ಕೆ ಮೊದಲು ನಿರ್ವಾತ ಕೊಳವೆಯನ್ನು ಕಳಚಿ ಅದರ ಬಾಯಿಯನ್ನು ಮುಚ್ಚುವುದು ವಾಡಿಕೆ. ವೇಗ ಹೆಚ್ಚಿಸಿದಾಗ ಗುರುತು ಸರಾಗವಾಗಿ ಮುಂಗಡದ ಕಡೆಗೆ ಸರಿಯದಿದ್ದರೆ ತೂಕಗಳು ಜಾಮಾಗಿವೆ ಎಂದು ತಿಳಿಯಬಹುದು. ಹೊಸ ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆದು ಅಂತರ ಕಡಿಮೆಯಾಗುವುದರಿಂದ, ಮೊದಲ ಕೆಲವು ನೂರು ಕಿ.ಮೀ. ಓಡಿದ ನಂತರ ಪಾಯಿಂಟ್ ಮತ್ತು ಟೈಮಿಂಗ್ ಎರಡನ್ನೂ ಮತ್ತೆ ನೋಡಬೇಕು.

ಇಂಧನ ಮತ್ತು ಹವಾಮಾನದ ಪ್ರಭಾವ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿಯ ಕಬ್ಬಿನ ಸೀಮೆಯಲ್ಲಿವೆ. ಇಲ್ಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಎಥನಾಲ್ ಕೂಡ ತಯಾರಾಗುತ್ತದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್‌ನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು.

ಒಂದು ಭಾಗ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಭಾಗ ಸಾಕು. ಹಳೆಯ ಕಾರ್ಬ್ಯುರೇಟರ್ ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿಕೊಳ್ಳಲಾರದು. ಹೀಗಾಗಿ ಮಿಶ್ರಣದಲ್ಲಿ ಇಂಧನದ ಪಾಲು ಸಾಲದಾಗಿ ಪ್ಲಗ್ ಬಿಳುಪಾಗಬಹುದು. ಇದನ್ನು ಟೈಮಿಂಗ್‌ನ ದೋಷವೆಂದು ತಿಳಿದು ಕಿಡಿಯನ್ನು ತಡಮಾಡಿದರೆ, ಈ ಸೀಮೆಯ ಬೇಸಿಗೆಯ ಬಿಸಿಲಿನಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಟೈಮಿಂಗ್ ಅಳತೆಯಲ್ಲಿ ಸರಿಯಿದ್ದರೆ ಕಾರ್ಬ್ಯುರೇಟರ್‌ನ ಜೆಟ್ ಮತ್ತು ಗಾಳಿ ಸೋರಿಕೆಯನ್ನು ನೋಡಬೇಕು. ಎಥನಾಲ್‌ನಿಂದ ಹಳೆಯ ರಬ್ಬರ್ ಕೊಳವೆಗಳು ಹಾಳಾಗುವುದರಿಂದ ಅವುಗಳ ಪರೀಕ್ಷೆಯೂ ಅಗತ್ಯ.

ಬಿಸಿಲಿನಲ್ಲಿ ಕಾರು ನಿಂತಾಗ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪೂರೈಕೆ ತಡೆಯುವುದುಂಟು. ಕಾದ ಕಾಯಿಲ್ ಅಥವಾ ಕಂಡೆನ್ಸರ್ ಕೈಕೊಟ್ಟಾಗಲೂ ಎಂಜಿನ್ ಹೀಗೆಯೇ ನಿಲ್ಲುತ್ತದೆ. ಎಂಜಿನ್ ನಿಂತ ಕೂಡಲೇ ಕಿಡಿ ಇದೆಯೇ ಎಂದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುತ್ತದೆ.

ಸುರಕ್ಷತೆ

ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್‌ನ ಲೋಹದ ಭಾಗವು ಎಂಜಿನ್‌ಗೆ ಭದ್ರವಾಗಿ ತಗುಲಿರಬೇಕು. ಪೆಟ್ರೋಲ್ ಆವಿ ಹೊರಬರುವ ತೆರೆದ ಪ್ಲಗ್ ರಂಧ್ರ ಮತ್ತು ಕಾರ್ಬ್ಯುರೇಟರ್‌ಗಳಿಂದ ಅದು ದೂರವಿರಬೇಕು. ಟೈಮಿಂಗ್ ಲೈಟ್‌ನ ಮಿನುಗು ಬೆಳಕಿನಲ್ಲಿ ತಿರುಗುತ್ತಿರುವ ಪುಲ್ಲಿ ಮತ್ತು ಫ್ಯಾನ್ ನಿಂತಂತೆ ತೋರುವುದರಿಂದ ಅವುಗಳ ಬಳಿ ಕೈ ಒಯ್ಯಬಾರದು. ಪೇಸ್‌ಮೇಕರ್ ಅಳವಡಿಸಿಕೊಂಡವರು ಚಾಲೂ ಇರುವ ಇಗ್ನಿಷನ್ ವ್ಯವಸ್ಥೆಯಿಂದ ದೂರವಿರುವುದು ಕ್ಷೇಮ.

ಇವನ್ನೂ ನೋಡಿ

- ಆಂತರಿಕ ದಹನ ಎಂಜಿನ್
- ಕಾರ್ಬ್ಯುರೇಟರ್
- ಎಥನಾಲ್
- ಹಿಂದೂಸ್ತಾನ್ ಅಂಬಾಸಿಡರ್