ಘೋಷಣೆ ಒಂದು ದಿನದ್ದು, ಎಣಿಕೆ ಪ್ರತಿ ವರ್ಷದ್ದು: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಜೀವಪರಿಸರ ಕೈಪಿಡಿ

ಹಾವೇರಿ ಜಿಲ್ಲೆಯ ವನ್ಯಜೀವಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ರಾಣೆಬೆನ್ನೂರಿನ ಕೃಷ್ಣಮೃಗ. ಅದೇ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ಚರ್ಚೆಯಲ್ಲಿ ಕಾಣಿಸೋದೇ ಕಡಿಮೆ. ಇಲ್ಲಿ ದೊಡ್ಡ ಅಭಯಾರಣ್ಯಗಳಿಲ್ಲ. ಕಾಡುಪ್ರಾಣಿಗಳು ಮತ್ತು ಹಕ್ಕಿಗಳು ಇರೋದು ಹೊಲದ ಬದುವಿನಲ್ಲಿ, ಕೆರೆ ಅಂಗಳದಲ್ಲಿ, ಗಾಯರಾಣದಲ್ಲಿ, ಹಾಳು ಕೋಟೆಯ ಪೊದೆಗಳಲ್ಲಿ. ಅಂದರೆ ಜನರ ನಡುವೆಯೇ. ಹಾಗಾಗಿ ಇಲ್ಲಿ ಒಂದು ಕೆರೆ ಹೂಳೆತ್ತುವ, ಒಂದು ಕೋಟೆ ಸ್ವಚ್ಛ ಮಾಡುವ, ಒಂದು ಮರ ಉಳಿಸುವ ತೀರ್ಮಾನವೂ ಪರಿಸರ ರಾಜಕಾರಣವೇ. ಆ ತೀರ್ಮಾನ ಯಾವ ಮಾಹಿತಿ ಮೇಲೆ ಆಗುತ್ತೆ ಅನ್ನೋದೇ ಇಲ್ಲಿನ ಪ್ರಶ್ನೆ.

ಮೊದಲು ಪಕ್ಕದ ತಾಲ್ಲೂಕಿನ ಪಾಠ

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ಸುಮಾರು 119 ಚದರ ಕಿ.ಮೀ. ವ್ಯಾಪ್ತಿಯಲ್ಲಿ. ಕೃಷ್ಣಮೃಗ ಉಳಿಯಿತು. ಆದರೆ ಅದೇ ನೆಲದ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು ಎದ್ದಿತ್ತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ ಇವತ್ತು ಅಲ್ಲಿಲ್ಲ. ಎರ್ಲಡ್ಡಿಗೆ ಬೇಕಿರೋದು ಬಯಲು ಹುಲ್ಲುಗಾವಲು. ಮರ ನೆಟ್ಟರೆ ಹಸಿರು ಹೆಚ್ಚುತ್ತೆ ಅನ್ನೋ ಸಾಮಾನ್ಯ ನಂಬಿಕೆ ಇಂಥ ಜೀವಿಗೆ ಮುಳುವಾಗುತ್ತೆ. ಒಂದು ಪ್ರಾಣಿಯ ಹೆಸರಲ್ಲಿ ಜಾಗ ಕಾಯ್ದಿಟ್ಟರೂ ಆ ಜಾಗದ ಸ್ವಭಾವ ತಿಳಿಯದಿದ್ದರೆ ಇನ್ನೊಂದನ್ನು ಕಳೆದುಕೊಳ್ಳಬಹುದು.

ಶಿಗ್ಗಾಂವಿ: ಬಂಕಾಪುರದ ನವಿಲು

ಬಂಕಾಪುರ ಕೋಟೆಯ 139 ಎಕರೆ ಪ್ರದೇಶ 2006ರಲ್ಲಿ ನವಿಲು ಸಂರಕ್ಷಣಾ ಮೀಸಲು ಆಯಿತು. (ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯ ಬಂಕಾಪುರ ತೋಳಧಾಮ ಬೇರೆ. ಹೆಸರು ಒಂದೇ ಆಗಿರೋದರಿಂದ ಗೊಂದಲ ಆಗುತ್ತೆ.) ಕೋಟೆಯೊಳಗೆ ನಾಗರೇಶ್ವರ ದೇವಾಲಯವಿದೆ, ಖಿಲಾರಿ ದನಗಳ ತಳಿ ಕೇಂದ್ರವಿದೆ, ಸುತ್ತ ಕಂದಕವಿದೆ. ಪುರಾತತ್ವ, ಪಶುಸಂಗೋಪನೆ, ಅರಣ್ಯ ಮೂರೂ ಒಂದೇ ಜಾಗದಲ್ಲಿ.

ಸಂರಕ್ಷಣಾ ಮೀಸಲು ಅಂದ್ರೆ ಏನು? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2002ರ ತಿದ್ದುಪಡಿಯಲ್ಲಿ ಸೇರಿದ 36-ಎ ಸೆಕ್ಷನ್ ಪ್ರಕಾರ, ಸರ್ಕಾರಿ ಜಮೀನನ್ನು ಸ್ಥಳೀಯ ಸಮುದಾಯದ ಜೊತೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. ರಾಷ್ಟ್ರೀಯ ಉದ್ಯಾನದಷ್ಟು ಬಿಗಿ ನಿರ್ಬಂಧ ಇಲ್ಲಿಲ್ಲ. ಹಾಗಾಗಿ ಘೋಷಣೆ ನಂತರದ ನಿರ್ವಹಣೆಯೇ ಮುಖ್ಯ.

ನವಿಲು ಗೂಡು ಕಟ್ಟೋದು ಮರದ ಮೇಲಲ್ಲ, ನೆಲದ ಮೇಲೆ, ಪೊದೆಯ ಮರೆಯಲ್ಲಿ. ರಾತ್ರಿ ತಂಗೋದು ಎತ್ತರದ ಮರಗಳಲ್ಲಿ. ಈ ಎರಡು ಸಂಗತಿ ಗೊತ್ತಿಲ್ಲದೆ ಪ್ರವಾಸೋದ್ಯಮದ ಹೆಸರಲ್ಲಿ ಮುಂಗಾರಿಗೆ ಪೊದೆ ಸವರಿದರೆ ಮೊಟ್ಟೆ ಹೋಗುತ್ತೆ. ಬೀದಿನಾಯಿಗಳನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಮರಿ ಹೋಗುತ್ತೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಸುಮಾರು 30 ಸಾವಿರ ಪಕ್ಷಿ ವೀಕ್ಷಕರ 3 ಕೋಟಿ ದಾಖಲೆಗಳನ್ನು ಆಧರಿಸಿದ್ದು. ಅದರ ಪ್ರಕಾರ ಎರಡು ದಶಕಗಳಲ್ಲಿ ದೇಶದಲ್ಲಿ ನವಿಲಿನ ಪ್ರಮಾಣ ಶೇ 150ಕ್ಕೂ ಹೆಚ್ಚು ಏರಿದೆ. ಬಯಲು ನೆಲದ ಹಲವು ಹಕ್ಕಿಗಳು ಅದೇ ವರದಿಯಲ್ಲಿ ಇಳಿಮುಖ. ಬಿತ್ತನೆ ಕಾಳು, ಮೊಳಕೆ ಹೆಕ್ಕುವ ನವಿಲಿನ ಬಗ್ಗೆ ರೈತ ದೂರಿದರೆ ಅವರು ಪರಿಸರ ವಿರೋಧಿಯಾಗಲ್ಲ. ಸಂಜೆ ತಂಗು ಮರಗಳ ಬಳಿ ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಒಂದೇ ವಿಧಾನದಲ್ಲಿ ಎಣಿಸಿ, ಜೊತೆಗೆ ಯಾವ ಹೊಲಕ್ಕೆ ಯಾವ ವಾರ ಹಾನಿ ಆಯ್ತು ಅಂತ ಬರೆದಿಟ್ಟರೆ ರೈತರ ಮಾತೂ ಅರಣ್ಯ ಇಲಾಖೆಯ ಮಾತೂ ಒಂದೇ ಕಾಗದದ ಮೇಲೆ ಬರುತ್ತೆ.

ಸವಣೂರು: ದೊಡ್ಡ ಹುಣಸೆ ಮರಗಳ ವಯಸ್ಸು

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಬೃಹತ್ ಮರಗಳು ನಿಜಕ್ಕೂ ಹುಣಸೆಯಲ್ಲ. ಅವು ಆಫ್ರಿಕಾ ಮೂಲದ ಬಾವೋಬಾಬ್. ಎರಡು ಸಾವಿರ ವರ್ಷದ ಮರ ಅಂತ ಊರವರೂ ಪತ್ರಿಕೆಗಳೂ ಹೇಳ್ತಾರೆ. ಆದರೆ ಬಾವೋಬಾಬ್ ವಯಸ್ಸು ಹೇಳೋದು ಸುಲಭವಲ್ಲ. ಹಲವು ಕಾಂಡಗಳು ವರ್ತುಲದಲ್ಲಿ ಬೆಳೆದು ಒಂದಾಗುತ್ತವೆ, ನಡುವೆ ಪೊಳ್ಳು ಇರುತ್ತೆ. ಸುತ್ತಳತೆ ನೋಡಿಯೋ ಉಂಗುರ ಎಣಿಸಿಯೋ ಹೇಳಿದ ಲೆಕ್ಕ ನಿಲ್ಲೋದಿಲ್ಲ, ರೇಡಿಯೋ ಕಾರ್ಬನ್ ಪರೀಕ್ಷೆ ಬೇಕು. ಭಾರತದ ಬಾವೋಬಾಬ್‌ಗಳ ವಂಶವಾಹಿ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಈ ಮರಗಳು ಹಿಂದೂ ಮಹಾಸಾಗರದ ವ್ಯಾಪಾರ, ವಲಸೆಗಳ ಜೊತೆ ಒಂದಕ್ಕಿಂತ ಹೆಚ್ಚು ಸಲ ಇಲ್ಲಿಗೆ ಬಂದಿವೆ ಅಂತ ಅದು ತೋರಿಸಿತು. ಸವಣೂರಿನ ಮರ ನಮ್ಮ ನೆಲಕ್ಕೂ ಆಫ್ರಿಕಾಕ್ಕೂ ಇದ್ದ ನಂಟಿನ ಸಾಕ್ಷಿ.

2023ರ ಜುಲೈ ಮಳೆಗೆ ಆ ಮೂರರಲ್ಲಿ ಒಂದು ಉರುಳಿತು. ಕೊಂಬೆ ಕಡಿದು, ಯಂತ್ರಗಳಿಂದ ಎತ್ತಿ ಮತ್ತೆ ನಿಲ್ಲಿಸಲಾಯಿತು. ಆ ಪ್ರಯತ್ನ ಮೆಚ್ಚಬೇಕಾದದ್ದೇ. ಆದರೆ ಇಷ್ಟು ಹಳೆಯ ಮರಕ್ಕೆ ಬೇಕಿರೋದು ಬೀಳುವ ಮುಂಚಿನ ತಪಾಸಣೆ: ಬುಡದ ಮಣ್ಣು ಗಟ್ಟಿಯಾಗಿದೆಯಾ, ನೀರು ನಿಲ್ಲುತ್ತಾ, ಬೇರಿನ ಮೇಲೆ ಕಾಂಕ್ರೀಟ್ ಬಿದ್ದಿದೆಯಾ, ಕಾಂಡ ಕೊಳೆತಿದೆಯಾ? ದಕ್ಷಿಣ ಆಫ್ರಿಕಾ ಸೀಮೆಯಲ್ಲೇ ಅತಿ ಹಳೆಯ ಬಾವೋಬಾಬ್‌ಗಳು 2005ರಿಂದೀಚೆಗೆ ಕುಸಿದಿವೆ ಅಂತ 2018ರ ಅಧ್ಯಯನ ಹೇಳಿದೆ. ಉಳಿದ ಮರಗಳ ಪಾಲಿಗೆ ಇದು ಎಚ್ಚರಿಕೆ.

ಹಾನಗಲ್: ಆನೆ ಬರುವ ದಾರಿ

ಹಾನಗಲ್ ಅರೆಮಲೆನಾಡು. ಒಂದು ಕಡೆ ಭತ್ತ, ಗೋವಿನಜೋಳ, ಮಾವು. ಇನ್ನೊಂದು ಕಡೆ ಮುಂಡಗೋಡದ ಕಾಡು. ದಾಂಡೇಲಿ–ಯಲ್ಲಾಪುರ ಕಡೆಯ ಆನೆಗಳು ಕೊಯ್ಲಿನ ಹೊತ್ತಿಗೆ ಈ ಅಂಚಿಗೆ ಬರೋದುಂಟು. 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ. ಬಹುಪಾಲು ಇರೋದು ದಕ್ಷಿಣದ ಜಿಲ್ಲೆಗಳಲ್ಲಿ, ಉತ್ತರದ ಗುಂಪು ತೀರಾ ಸಣ್ಣದು. ಸಣ್ಣ ಗುಂಪಾದ್ದರಿಂದ ಒಂದು ಅನುಕೂಲವೂ ಇದೆ: ಕಿವಿಯ ಹರಿತ, ದಂತದ ಆಕಾರ, ಬಾಲದ ಗುರುತಿನಿಂದ ಒಂದೊಂದು ಆನೆಯನ್ನೂ ಗುರುತಿಸಬಹುದು. ಯಾವ ಆನೆ, ಯಾವ ದಾರಿ, ಯಾವ ವಾರ ಅಂತ ಗೊತ್ತಿದ್ದರೆ ಮುನ್ನೆಚ್ಚರಿಕೆ ಕೊಡಬಹುದು. ಗೊತ್ತಿಲ್ಲದಿದ್ದರೆ ಪಟಾಕಿ ಹೊಡೆದು ಒಂದೂರಿನಿಂದ ಇನ್ನೊಂದೂರಿಗೆ ಅಟ್ಟೋದಷ್ಟೇ.

ಹೈಕೋರ್ಟ್ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯವನ್ನು ಮೂರು ಬಗೆಯ ವಲಯಗಳಾಗಿ ನೋಡಬೇಕೆಂದಿತು: ಆನೆ ಸಂರಕ್ಷಣೆ, ಆನೆ–ಮಾನವ ಸಹಬಾಳ್ವೆ, ಮತ್ತು ಆನೆ ತೆರವು. ಎಲ್ಲ ಕಡೆಗೂ ಒಂದೇ ಮದ್ದು ಇಲ್ಲ ಅನ್ನೋದೇ ಅದರ ತಿರುಳು. ಈ ವಲಯಗಳ ಗೆರೆ ಎಳೆಯೋದಕ್ಕೆ ಹಾನಗಲ್‌ನಂಥ ಅಂಚಿನ ತಾಲ್ಲೂಕಿನ ದಾಖಲೆಯೇ ಆಧಾರ.

ಹಿರೇಕೆರೂರು: ಹೆಸರಲ್ಲೇ ಕೆರೆ

ಹಿರೇಕೆರೂರು–ರಟ್ಟಿಹಳ್ಳಿ ಸೀಮೆಯಲ್ಲಿ ಕುಮುದ್ವತಿ ಹರಿಯುತ್ತೆ, ಮದಗ ಮಾಸೂರಿನ ಹಳೆಯ ಕೆರೆಯಿದೆ. ಹಾವೇರಿ ಜಿಲ್ಲೆಯಲ್ಲಿ 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಅಂದಿನಿಂದ ಇಂದಿನವರೆಗೆ ಹೂಳೆತ್ತೋದು ಅಂದ್ರೆ ಹೆಚ್ಚಾಗಿ ಎಷ್ಟು ಟ್ರ್ಯಾಕ್ಟರ್ ಮಣ್ಣು ಅನ್ನೋ ಲೆಕ್ಕ.

ಕೆರೆಯನ್ನು ಬಟ್ಟಲಿನಂತೆ ಸಮ ಆಳಕ್ಕೆ ಕೊರೆದರೆ ನೀರು ಜಾಸ್ತಿ ನಿಲ್ಲಬಹುದು. ಆದರೆ ಕೊಕ್ಕರೆ, ಉಲ್ಲಂಕಿಗಳಂಥ ಹಕ್ಕಿಗಳು ಕಾಲೂರಿ ಮೇಯೋದು ತೆಳುನೀರಿನ ಅಂಚಿನಲ್ಲಿ. ದನಕ್ಕೆ ಇಳಿಯಲು, ಮೀನಿಗೆ ಮೊಟ್ಟೆ ಇಡಲು ಬೇಕಾದದ್ದೂ ಅದೇ ಅಂಚು. ಒಂದು ಬದಿಯ ಇಳಿಜಾರು ಹಾಗೇ ಬಿಟ್ಟರೆ ನೀರಾವರಿಗೂ ನಷ್ಟವಿಲ್ಲ. ಹತ್ತಿರದ ಉದಾಹರಣೆ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾದ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ವರ್ಷಗಟ್ಟಲೆ ಹಕ್ಕಿ ಎಣಿಸಿ ಬರೆದಿಟ್ಟವರಿಲ್ಲದೆ ಅಂಥ ಮಾನ್ಯತೆಗೆ ಕೆರೆಯ ಹೆಸರು ಹೋಗೋದೇ ಇಲ್ಲ.

ಕಾನೂನು ಕೈಯಲ್ಲೇ ಇದೆ

ಜೈವಿಕ ವೈವಿಧ್ಯ ಕಾಯ್ದೆ 2002ರ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ. ಈ ಕಲ್ಪನೆ 1990ರ ದಶಕದಲ್ಲಿ ರೂಪುಗೊಂಡಿದ್ದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರ ಪಾತ್ರ ದೊಡ್ಡದು. ದಾಖಲಾತಿ ಮುಗಿಸದ ರಾಜ್ಯಗಳು 2020ರ ಫೆಬ್ರುವರಿಯಿಂದ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ಹಸಿರು ನ್ಯಾಯಮಂಡಳಿ 2019ರಲ್ಲಿ ಆದೇಶಿಸಿತು. ಪುಸ್ತಕಗಳೇನೋ ಬೇಗ ತಯಾರಾದವು. ಆದರೆ ಗಡುವಿಗಾಗಿ ತುಂಬಿದ ಪುಸ್ತಕಕ್ಕೂ ಊರು ಕೂತು ಬರೆದ ಪುಸ್ತಕಕ್ಕೂ ವ್ಯತ್ಯಾಸವಿದೆ. 37ನೇ ಸೆಕ್ಷನ್ ಅಡಿ ಒಂದು ತಾಣವನ್ನು ಜೀವವೈವಿಧ್ಯ ಪರಂಪರೆ ತಾಣ ಅಂತಲೂ ಘೋಷಿಸಬಹುದು. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪಿಗೆ ಹಾಗೇ ಆಯಿತು.

ನೀವು ಮಾಡಬಹುದಾದ್ದು

- ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ತೋರಿಸಿ ಅಂತ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನಿಮ್ಮೂರಿನ ಕೆರೆ, ಗಾಯರಾಣ, ಮರ ಅದರಲ್ಲಿವೆಯಾ ನೋಡಿ.
- ಪ್ರತಿ ಜನವರಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿಗೆ ನಿಮ್ಮೂರ ಕೆರೆ ಸೇರಿಸಿ. ಇ-ಬರ್ಡ್‌ನಲ್ಲಿ ದಾಖಲಿಸೋದು ಉಚಿತ. ದೂರದಿಂದ ನೋಡಿ ಎಣಿಸಿ; ಹಿಡಿಯೋದು, ಗೂಡು ಮುಟ್ಟೋದು ಬೇಡ.
- ಕೆರೆ ಕಾಮಗಾರಿ ಗ್ರಾಮಸಭೆಗೆ ಬಂದಾಗ ನಕ್ಷೆ ಕೇಳಿ. ಇಳಿಜಾರಿನ ಅಂಚು ಎಲ್ಲಿ ಬಿಡ್ತೀರಿ ಅಂತ ನಡಾವಳಿಯಲ್ಲಿ ಬರೆಸಿ.
- ಕುರುಬರು, ಮೀನುಗಾರರು, ವೀಳ್ಯದೆಲೆ ತೋಟದವರು ಹೇಳೋದನ್ನ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಆ ತಿಳಿವಳಿಕೆ ಯಾವ ಪ್ರಯೋಗಾಲಯದಲ್ಲೂ ಸಿಗಲ್ಲ.

ಇದ್ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಬೇಕಿರೋದು ಒಂದೇ ಜಾಗಕ್ಕೆ, ಒಂದೇ ತಿಂಗಳಲ್ಲಿ, ಹತ್ತು ವರ್ಷ ಬಿಡದೆ ಹೋಗುವ ಜನ. ಒಂದು ವರ್ಷದ ಎಣಿಕೆಯಿಂದ ಏನೂ ಗೊತ್ತಾಗಲ್ಲ. ಹತ್ತು ವರ್ಷದ ಎಣಿಕೆ ಕೈಯಲ್ಲಿದ್ದರೆ ತಹಶೀಲ್ದಾರರೂ, ಅರಣ್ಯಾಧಿಕಾರಿಯೂ, ಶಾಸಕರೂ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತೆ.