ಬ್ಲಿದಾ ಆಸ್ಪತ್ರೆಯ ಕರಿಯ ಡಾಕ್ಟರ

ಫ್ರಾಂಟ್ಜ್ ಫ್ಯಾನನ್ ಹುಟ್ಟಿದ್ದು 1925ರಲ್ಲಿ, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ. ಅದು ಆಗ ಫ್ರೆಂಚರ ವಸಾಹತು. ಆಫ್ರಿಕದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು ಅಲ್ಲಿನ ಶಾಲೆಯಲ್ಲಿ ಕೂತು ‘ನಮ್ಮ ಪೂರ್ವಜರು ಗಾಲರು’ ಅಂತ ಬಾಯಿಪಾಠ ಮಾಡಬೇಕಿತ್ತು. ಮನೆಮಾತು ಕ್ರಿಯೋಲ್ ಆಡಿದರೆ ಕೀಳು, ಫ್ರೆಂಚ್ ಆಡಿದರೆ ಮೇಲು. ಚರ್ಮ ಒಂದು ಕಡೆ, ಓದು ಇನ್ನೊಂದು ಕಡೆ.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ 1944ರಲ್ಲಿ ಗಾಯಗೊಂಡ. ಪದಕವೂ ಬಂತು. ಆಮೇಲೆ ಲಿಯಾನ್ ನಗರದಲ್ಲಿ ಡಾಕ್ಟರಿಕೆ ಓದಿದ. ಆದರೆ ಬಿಳಿಯರ ಬೀದಿಯಲ್ಲಿ ಅವನು ಡಾಕ್ಟರನೂ ಅಲ್ಲ, ಸೈನಿಕನೂ ಅಲ್ಲ, ಬರೀ ಕರಿಯ. ಆ ಉರಿಯನ್ನು 1952ರಲ್ಲಿ ಪುಸ್ತಕ ಮಾಡಿದ.

1953ರಲ್ಲಿ ಆಲ್ಜೀರಿಯಾದ ಬ್ಲಿದಾ ಹುಚ್ಚಾಸ್ಪತ್ರೆಗೆ ಬಂದ. ಅವನ ಕೈಗೆ ಸಿಕ್ಕವರು 165 ಯುರೋಪಿಯನ್ ಹೆಂಗಸರು, 220 ಮುಸ್ಲಿಂ ಗಂಡಸರು. ಫ್ರಾನ್ಸಿನಲ್ಲಿ ಕಲಿತ ಚಿಕಿತ್ಸೆಯನ್ನೇ ಎಲ್ಲರಿಗೂ ಕೊಟ್ಟ: ಸಭೆ, ಸಿನಿಮಾ, ಪತ್ರಿಕೆ, ಹೆಣಿಗೆ ಕೆಲಸ. ಹೆಂಗಸರು ಚೇತರಿಸಿಕೊಂಡರು. ಗಂಡಸರು ಸುಮ್ಮನೆ ಕೂತರು.

ಆಲ್ಜಿಯರ್ಸಿನ ದೊಡ್ಡ ಮನೋವೈದ್ಯರ ಹತ್ತಿರ ಇದಕ್ಕೆ ಉತ್ತರ ಮೊದಲೇ ಇತ್ತು: ಇವರ ಮಿದುಳೇ ಅಂಥದ್ದು, ಇವರು ಹುಟ್ಟಾ ಒರಟರು. ಶೋಷಕರ ಶಾಸ್ತ್ರ ಯಾವಾಗಲೂ ಹೀಗೇ ಮಾತಾಡೋದು. ಫ್ಯಾನನ್ ಮಾತ್ರ ತಪ್ಪನ್ನು ರೋಗಿಯ ತಲೆಗೆ ಕಟ್ಟಲಿಲ್ಲ, ತನ್ನ ಓದಿಗೆ ಕಟ್ಟಿದ. ಅರಬ್ಬಿ ಬಾರದೆ ದುಭಾಷಿಯ ಬಾಯಿಂದ ಅವರ ನೋವು ಕೇಳುತ್ತಿದ್ದ. ಹೆಣಿಗೆ ಹೆಂಗಸರ ಕೆಲಸ ಅನ್ನುವ ಗಂಡಸರ ಕೈಗೆ ಹೆಣಿಗೆ ಕೊಟ್ಟಿದ್ದ. ಮಾರ್ಟಿನಿಕ್‌ನ ಶಾಲೆ ತನಗೆ ಮಾಡಿದ್ದನ್ನೇ ತಾನು ಇವರಿಗೆ ಮಾಡಿದ್ದ!

ಈ ಸೋಲನ್ನು ಮುಚ್ಚಿಡದೆ 1954ರಲ್ಲಿ ಜೊತೆಗಾರ ಜಾಕ್ ಅಜುಲೆಯೊಂದಿಗೆ ಅಚ್ಚು ಹಾಕಿಸಿದ. ಆಸ್ಪತ್ರೆಯೊಳಗೇ ಅವರೂರಿನಂಥ ಕಾಫಿ ಅಂಗಡಿ ಎದ್ದಿತು. ಹಬ್ಬಗಳು ನಡೆದವು. ಕಥೆ ಹೇಳುವವರು ಬಂದರು. ಸುಮ್ಮನೆ ಕೂತಿದ್ದವರು ಎದ್ದು ಬಂದರು.

ಅದೇ ವರ್ಷ ನವೆಂಬರಿನಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಯ್ತು. ಚಿತ್ರಹಿಂಸೆ ತಿಂದವರೂ ಕೊಟ್ಟ ಪೊಲೀಸರೂ ಇದೇ ಡಾಕ್ಟರನ ಹತ್ತಿರ ಬಂದರು. ನಾಡಿಗೆ ನಾಡೇ ಸೆರೆಮನೆಯಾದಾಗ ಒಬ್ಬೊಬ್ಬರ ತಲೆ ರಿಪೇರಿ ಮಾಡಿ ಏನುಪಯೋಗ? 1956ರಲ್ಲಿ ರಾಜೀನಾಮೆ ಬಿಸಾಕಿ ಹೋರಾಟಗಾರರ ಜೊತೆ ನಿಂತ. 1961ರ ಡಿಸೆಂಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ಸತ್ತಾಗ ಅವನಿಗೆ 36 ವರ್ಷ. ಆಲ್ಜೀರಿಯಾ ಬಿಡುಗಡೆಯಾದದ್ದು 1962ರ ಜುಲೈನಲ್ಲಿ, ಅದನ್ನವನು ನೋಡಲಿಲ್ಲ.

ಗೆಳೆಯರೆ, ಮೇಲಿನವರ ವಿದ್ಯೆ ಕಲಿಯೋದು ತಪ್ಪಲ್ಲ. ಕಲಿತು ಬಂದ ಮೇಲೆ ನಮ್ಮವರು ಎದುರಿಗೆ ಸುಮ್ಮನೆ ಕೂತರೆ, ತಪ್ಪು ಯಾರದು ಅಂತ ಕೇಳಿಕೊಳ್ಳುವ ಎದೆ ನಮಗಿದೆಯಾ?